ಮನಾಲಿಗೆ ಬದಲು ದಾಂಡೇಲಿ ಆಯ್ತು, ಕಾಶಿಗೆ ಬದಲು?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಪ್ರವಾಸ

ಪ್ರಶ್ನೆ: ನಂದು ಹುಬ್ಬಳ್ಳಿ. ಒಂದು ಬಸ್, ಎರಡು ಟಿಟಿ (ಟೆಂಪೊ ಟ್ರಾವೆಲರ್) ಇಟ್ಟುಕೊಂಡು ಟೂರ್ ನಡೆಸುತ್ತೇನೆ. 2020ಕ್ಕೆ ಮೊದಲು ಒಬ್ಬರಿಗೊಬ್ಬರು ಗುರುತಿಲ್ಲದ ನಲವತ್ತು ಜನ ಒಂದೇ ಬಸ್ಸಿನಲ್ಲಿ ಖುಷಿಯಿಂದ ಬರುತ್ತಿದ್ದರು. ಈಗ "ನಮ್ಮ ಮನೆಯವರಷ್ಟೇ ಹೋಗ್ತೀವಿ, ಗಾಡಿ ಕೊಡ್ರಿ ಸಾಕು" ಅಂತಾರೆ. ಕಾಶಿ, ತಿರುಪತಿ ಬಿಟ್ಟರೆ ದೂರದ ಟ್ರಿಪ್ ಕೇಳುವವರೂ ಕಡಿಮೆ. ಕೋವಿಡ್ ಹೋಗಿ ವರ್ಷಗಳಾದವು. ಜನರ ಭಯ ಇನ್ನೂ ಹೋಗಿಲ್ವಾ ಸರ್?

ಉತ್ತರ: ಭಯ ಯಾವತ್ತೋ ಹೋಗಿದೆ. ಲೆಕ್ಕ ನೋಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪ್ರಕಾರ 2019ರಲ್ಲಿ ದೇಶದೊಳಗಿನ ಪ್ರವಾಸಿ ಭೇಟಿಗಳು ಸುಮಾರು 232 ಕೋಟಿ. 2020ರಲ್ಲಿ ಅದು 61 ಕೋಟಿಗೆ ಬಿತ್ತು. 2022ರಲ್ಲಿ 173 ಕೋಟಿ, 2023ರಲ್ಲಿ 250 ಕೋಟಿ. ಅಂದರೆ ಹಳೆಯ ಮಟ್ಟವನ್ನೂ ದಾಟಿತು. (ಇದು ಭೇಟಿಗಳ ಲೆಕ್ಕ, ತಲೆಗಳದ್ದಲ್ಲ. ಒಬ್ಬನೇ ನಾಲ್ಕು ಸಲ ಹೋದರೆ ನಾಲ್ಕು.) ಜನ ಮನೆಯಲ್ಲಿ ಕೂತಿಲ್ಲ. ನಿಮ್ಮ ಬಸ್ಸಿನಲ್ಲಿ ಕೂರುತ್ತಿಲ್ಲ, ಅಷ್ಟೇ.

ಯಾಕೆ ಅಂತ ತಿಳಿಯಬೇಕಾದರೆ ರೋಗದ ಭಯ ಮನಸ್ಸಿನೊಳಗೆ ಏನು ಮಾಡುತ್ತದೆ ಅಂತ ನೋಡಬೇಕು. ಮಾರ್ಕ್ ಶಾಲರ್ ಎಂಬ ಮನಶ್ಶಾಸ್ತ್ರಜ್ಞರು ಕೋವಿಡ್‌ಗೂ ಬಹಳ ಮೊದಲೇ ಒಂದು ವಿಷಯ ಹೇಳಿದ್ದರು. ರೋಗ ಮೈಯೊಳಗೆ ಬಂದ ಮೇಲೆ ಹೋರಾಡಲು ದೇಹಕ್ಕೆ ಶಕ್ತಿ ಇರುವ ಹಾಗೆ, ರೋಗ ಹತ್ತಿರ ಬರುವ ಮೊದಲೇ ನಮ್ಮನ್ನು ದೂರ ಸರಿಸುವ ಒಂದು ಎಚ್ಚರ ಮನಸ್ಸಿಗೂ ಇದೆ. ಪಕ್ಕದ ಸೀಟಿನವನು ಕೆಮ್ಮಿದರೆ ನಾವು ಯೋಚಿಸಿ ಸರಿಯುವುದಿಲ್ಲ, ತಾನಾಗಿಯೇ ಸರಿಯುತ್ತೇವೆ. ಈ ಎಚ್ಚರ ಜೋರಾದಾಗ ಗುಂಪು ಕಂಡರೆ ಉಸಿರುಗಟ್ಟುತ್ತದೆ. ಅಪರಿಚಿತರು ಬೇಡ ಅನ್ನಿಸುತ್ತದೆ. ಬಯಲು, ಗಾಳಿ, ನಮ್ಮವರು, ನಮ್ಮ ಗಾಡಿ, ಮನೆ ಬುತ್ತಿ ಇದ್ದರೆ ಸಾಕು ಅನ್ನಿಸುತ್ತದೆ. ಇದು ನಮ್ಮ ಕಡೆ ಹೊಸದೂ ಅಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಪ್ಲೇಗ್ ಬಂದಾಗ ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು.

ಆದರೆ ಈ ಎಚ್ಚರಕ್ಕೆ ವಿಜ್ಞಾನ ಗೊತ್ತಿಲ್ಲ. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುತ್ತದೆ. ಕೋವಿಡ್ ಮುಖ್ಯವಾಗಿ ಹರಡಿದ್ದು ಮುಚ್ಚಿದ ಜಾಗದ ಗಾಳಿಯಲ್ಲಿ. ನಾವು ಮಾಡಿದ್ದೇನು? ಗಾಡಿಯ ಬಾಗಿಲಿನ ಹಿಡಿಕೆಗೆ ಸ್ಯಾನಿಟೈಸರ್ ಹೊಡೆದು, ಒಳಗೆ ಕಿಟಕಿ ಮುಚ್ಚಿ ಎಸಿ ಹಾಕಿಕೊಂಡು ಕೂತೆವು! "ನಮ್ಮ ಮಂದಿನೇ ಅಲ್ವಾ" ಅಂತ ಬೀಗರ ಮದುವೆಗೂ ಹೋಗಿ ಬಂದೆವು.

2020ರ ಕೊನೆಗೆ ಓಡಾಟ ಸ್ವಲ್ಪ ಸಡಿಲ ಆದಾಗ ಇದೆಲ್ಲ ಪ್ರವಾಸದಲ್ಲೂ ಕಂಡಿತು. ಮನಾಲಿಗೆ ಹೋಗಬೇಕಿದ್ದವರು ದಾಂಡೇಲಿಗೆ ಹೋದರು. ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುತ್ತಿದ್ದವರು ಬಂಕಾಪುರದ ಕೋಟೆಗೆ ನವಿಲು ನೋಡಲು ಕರೆದೊಯ್ದರು. ಅಲ್ಲೇ ಒಳಗೆ ನಗರೇಶ್ವರ ದೇವಸ್ಥಾನ, ಜನ ಅರವತ್ತು ಕಂಬದ ಗುಡಿ ಅನ್ನುವುದು ಇದನ್ನೇ. ಹುಬ್ಬಳ್ಳಿಯಿಂದ ಗಂಟೆಯ ದಾರಿ. ಎಷ್ಟೋ ಮಂದಿ ಹೆದ್ದಾರಿಯಲ್ಲಿ ಇಪ್ಪತ್ತು ವರ್ಷ ಓಡಾಡಿದ್ದರೂ ಒಮ್ಮೆಯೂ ಒಳಗೆ ತಿರುಗಿರಲಿಲ್ಲ.

ಈಗ ನಿಮ್ಮ ವ್ಯವಹಾರಕ್ಕೆ ಬರೋಣ. ಪ್ರವಾಸದಲ್ಲಿ ಎರಡು ಜಾತಿ ಇದೆ. ಬದಲು ಸಿಗುವ ಪ್ರವಾಸ, ಬದಲು ಸಿಗದ ಪ್ರವಾಸ. ತಂಪು ಬೇಕು, ಕಾಡು ಬೇಕು, ಮಕ್ಕಳು ನೀರಲ್ಲಿ ಆಡಬೇಕು ಅಂದರೆ ಹತ್ತು ಜಾಗ ಇವೆ. ಒಂದು ಸಲ ಹತ್ತಿರದ್ದು ಗೊತ್ತಾಗಿ ಅದೇ ಚೆನ್ನಾಗಿದೆ ಅನ್ನಿಸಿದರೆ, ರೋಗ ಹೋದ ಮೇಲೂ ಜನ ಅಲ್ಲಿಗೇ ಹೋಗುತ್ತಾರೆ. ಇದು ಭಯವಲ್ಲ, ರುಚಿ ಹತ್ತಿದ್ದು. ಕಾಶಿಗೆ ಮಾತ್ರ ಬದಲು ಯಾವುದೂ ಇಲ್ಲ. ಹರಕೆ ಹೊತ್ತವರು ಎರಡು ವರ್ಷ ಮುಂದೂಡಿದರೇ ಹೊರತು ಬಿಡಲಿಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ರೈಲು ಹೊರಟಿದ್ದು ಇಂಥವರಿಗಾಗಿಯೇ. ನಿಮ್ಮ ಬಸ್ಸಿಗೆ ಕೆಲಸ ಇರುವುದು ಇಲ್ಲಿ. ಯಾತ್ರೆಯಲ್ಲಿ ಗುಂಪು ಯಾರಿಗೂ ಭಾರ ಅನ್ನಿಸುವುದಿಲ್ಲ. ಜೊತೆಗೆ ಭಜನೆ ಮಾಡಲು ಜನ ಬೇಕಲ್ಲ.

ಉಳಿದ ಟ್ರಿಪ್‌ಗಳಿಗೆ ಟಿಟಿಯನ್ನು ಒಂದೇ ಮನೆಗೆ, ಒಂದೇ ಓಣಿಗೆ ಕೊಡಿ. ಸೀಟು ಲೆಕ್ಕದಲ್ಲಿ ಮಾರಬೇಡಿ.

ಇನ್ನೊಂದು ಮಾತು, ಇದು ನನ್ನ ಸ್ವಂತ ನೋವು. 2020ರ ಏಪ್ರಿಲ್‌ನಲ್ಲಿ ಹೊರಡಬೇಕಿದ್ದ ಪ್ರವಾಸಕ್ಕೆ ನಾನು ಪೂರ್ತಿ ಹಣ ಕಟ್ಟಿದ್ದೆ. ಮಾರ್ಚ್ 25ಕ್ಕೆ ಲಾಕ್‌ಡೌನ್ ಆಯಿತು. ಟೂರ್‌ನವರು ಹಣದ ಬದಲು ಒಂದು ಚೀಟಿ ಕೊಟ್ಟರು, ಚೀಟಿಯ ಅವಧಿ ಲಾಕ್‌ಡೌನಿನಲ್ಲೇ ಮುಗಿಯಿತು. ಅವತ್ತಿನಿಂದ ನಾನು ಜಾಗ ಕೇಳುವುದಕ್ಕೆ ಮೊದಲು "ಅಡ್ವಾನ್ಸ್ ವಾಪಸ್ ಕೊಡ್ತೀರಾ?" ಅಂತ ಕೇಳುತ್ತೇನೆ. ನಿಮ್ಮ ಗಿರಾಕಿಗಳೂ ಕೇಳುತ್ತಾರೆ. ಎಷ್ಟು ದಿನ ಮೊದಲು ಬೇಡ ಅಂದರೆ ಎಷ್ಟು ವಾಪಸ್ ಅಂತ ರಸೀದಿಯ ಮೇಲೆ ಬರೆದೇ ಕೊಡಿ.

ಪ್ರಶ್ನೆ: ನಾನು ಹಾವೇರಿಯ ನಿವೃತ್ತ ಶಿಕ್ಷಕಿ, ವಯಸ್ಸು 67. ಸಕ್ಕರೆ ಕಾಯಿಲೆ ಇದೆ. ಕಾಶಿಗೆ ಹೋಗುವ ಆಸೆ. ಗದ್ದಲದಲ್ಲಿ ಬೇಡ ಅಂತ ಮಗ ಬಿಡುತ್ತಿಲ್ಲ. ಯಾರ ಮಾತು ಸರಿ?

ಉತ್ತರ: ಅಕ್ಕೋರೇ, ಇಬ್ಬರದೂ ಸರಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್ ತುರ್ತು ಸ್ಥಿತಿ ಮುಗಿಯಿತು ಎಂದಿತು. ರೋಗಾಣು ಮುಗಿಯಿತು ಅನ್ನಲಿಲ್ಲ. ನಿಮ್ಮ ವಯಸ್ಸು, ಸಕ್ಕರೆ ಎರಡೂ ಸೇರಿದಾಗ ಸಾಮಾನ್ಯ ಜ್ವರವೂ ಜಾಸ್ತಿ ಕಾಡಬಹುದು. ಮಗನ ಚಿಂತೆ ಸುಮ್ನೆ ಅಲ್ಲ. ಜಾಗ ಬದಲಿಸಬೇಡಿ, ದಿನ ಬದಲಿಸಿ. ಶ್ರಾವಣ, ಶಿವರಾತ್ರಿ, ಕಾರ್ತಿಕ ಹುಣ್ಣಿಮೆ ಬಿಡಿ. ಸೋಮವಾರವೂ ಬೇಡ. ಕಿಟಕಿ ಇರುವ ರೂಮು ಕೇಳಿ. ಗುಡಿಯ ಸಾಲಿನಲ್ಲಿ ಮಾಸ್ಕ್ ಹಾಕಿ, ಘಾಟಿನ ಮೇಲೆ ತೆಗೆಯಿರಿ. ಹೊರಡುವ ಮೊದಲು ನಿಮ್ಮ ಡಾಕ್ಟರ್ ಹತ್ತಿರ ಲಸಿಕೆ, ಮಾತ್ರೆ ಬಗ್ಗೆ ಮಾತಾಡಿ. ಮಗನನ್ನೇ ಜೊತೆಗೆ ಕರೆದುಕೊಂಡು ಹೋದರೆ ಜಗಳವೇ ಇಲ್ಲ.

ಪ್ರಶ್ನೆ: ಲಕ್ಕುಂಡಿ ಹತ್ತಿರ ನಮ್ಮ ಹೊಲ ಇದೆ. ಕೋವಿಡ್ ಹೊತ್ತಿನಲ್ಲಿ ಹುಬ್ಬಳ್ಳಿ, ಧಾರವಾಡದ ಕಾರುಗಳು ಸಾಲಾಗಿ ಬಂದವು. ಈಗ ಅಷ್ಟಿಲ್ಲ. ಸಾಲ ಮಾಡಿ ಹೋಂಸ್ಟೇ ಕಟ್ಟಲೇ?

ಉತ್ತರ: ಈಗಲೇ ಬೇಡ ತಮ್ಮಾ. ಆ ಕಾರುಗಳಲ್ಲಿ ಎಷ್ಟು ಜನ ರಾತ್ರಿ ಉಳಿದರು, ನೆನಪು ಮಾಡಿಕೊಳ್ಳಿ. ಅತ್ತಿಮಬ್ಬೆಯ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ಗುಡಿ, ಮುಸುಕಿನ ಬಾವಿ ನೋಡಿಕೊಂಡು ಸಂಜೆಗೆ ಮನೆ ಸೇರಿದರು. ಹತ್ತಿರದಿಂದ ಬಂದವರಿಗೆ ಹಾಸಿಗೆ ಬೇಕಿಲ್ಲ. ಅವರಿಗೆ ಬೇಕಾದ್ದು ನೆರಳು, ಗಾಡಿ ನಿಲ್ಲಿಸಲು ಜಾಗ, ಬಿಸಿ ರೊಟ್ಟಿ, ಎಣ್ಣೆಗಾಯಿ, ಮತ್ತೆ ಸ್ವಚ್ಛವಾದ ಶೌಚಾಲಯ. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೋವಿಡ್ ಕಲಿಸಿದ್ದರಲ್ಲಿ ಸ್ವಚ್ಛತೆಯ ಬಗ್ಗೆ ಜನರ ಹಟ ಇಳಿದಿಲ್ಲ. ಮೊದಲು ಊಟದಿಂದ ಶುರು ಮಾಡಿ, ಭಾನುವಾರಗಳಲ್ಲಿ ಮಾತ್ರ.

ರಾತ್ರಿ ಉಳಿಯುವವರು ಬೇರೆ. ಚಳಿಗಾಲದಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಹಕ್ಕಿ ನೋಡುವವರು ಬೆಳಕು ಹರಿಯುವ ಹೊತ್ತಿಗೆ ಕೆರೆ ಏರಿಯ ಮೇಲೆ ಇರಬೇಕು. ಅದಕ್ಕೆ ಹಿಂದಿನ ರಾತ್ರಿಯೇ ಬರಬೇಕು. ಬೆಳಿಗ್ಗೆ ಹಕ್ಕಿ, ಮಧ್ಯಾಹ್ನ ಲಕ್ಕುಂಡಿ ಅಂತ ಎರಡನ್ನೂ ಸೇರಿಸಿ ಹೇಳಿ. ಮನೆಯ ಒಂದು ಕೋಣೆ ಸುಣ್ಣ ಬಳಿದು ಈ ನವೆಂಬರ್‌ನಿಂದ ಫೆಬ್ರವರಿವರೆಗೆ ಕೊಟ್ಟು ನೋಡಿ. ಎಷ್ಟು ರಾತ್ರಿ ತುಂಬಿತು ಅಂತ ಡೈರಿಯಲ್ಲಿ ಬರೆದಿಡಿ. ಬ್ಯಾಂಕಿಗೆ ಹೋಗುವಾಗ ಆ ಡೈರಿ ಜೊತೆಗಿರಲಿ.