ಸಸ್ಯಾಹಾರಿ ಅಪ್ಪ-ಅಮ್ಮನನ್ನು ನ್ಯೂಯಾರ್ಕಿನ ಚೀನಿ, ಥಾಯ್, ಟಿಬೆಟನ್ ಹೋಟೆಲುಗಳಿಗೆ ಕರೆದೊಯ್ಯಬಹುದೇ?

ಧಾರಾಳವಾಗಿ ಕರೆದೊಯ್ಯಿರಿ. ಆದರೆ ‘ವೆಜ್ ಇದೆಯಾ?’ ಅಂತ ಕೇಳಿ ಸುಮ್ಮನಾಗಬೇಡಿ. ಆ ಪ್ರಶ್ನೆಗೆ ತರಕಾರಿ ಹಾಕಿದ ತಿನಿಸು ಸಿಗುತ್ತದೆ, ಅದರಲ್ಲಿ ಮಾಂಸ ಇರುವುದಿಲ್ಲ ಎಂಬ ಖಾತ್ರಿ ಇಲ್ಲ.

ಎಡವಟ್ಟಾಗುವುದು ಹೆಚ್ಚಾಗಿ ಸಾರು ಮತ್ತು ಸಾಸ್‌ನಲ್ಲಿ. ಚೀನಿ ಹೋಟೆಲಿನಲ್ಲಿ ಹುರಿದ ಸೊಪ್ಪಿಗೆ ಆಯ್ಸ್ಟರ್ ಸಾಸ್ (ಸಮುದ್ರದ ಚಿಪ್ಪುಜೀವಿಯಿಂದ ಮಾಡಿದ್ದು) ಬೀಳುತ್ತದೆ. ಮಾಪೊ ತೋಫು (ಸೋಯಾ ಪನೀರಿನ ಖಾರದ ಪಲ್ಯ), ಡ್ರೈ ಫ್ರೈಡ್ ಬೀನ್ಸ್, ಬದನೆಕಾಯಿ ಇವಕ್ಕೆ ಹಂದಿ ಕೈಮಾ ಉದುರಿಸುವುದು ಅಲ್ಲಿನ ವಾಡಿಕೆ. ಫ್ರೈಡ್ ರೈಸ್ ಅಂದರೆ ಮೊಟ್ಟೆ ಇದ್ದೇ ಇರುತ್ತದೆ ಅಂದುಕೊಳ್ಳಿ. ಥಾಯ್ ಪಪಾಯ ಸಲಾಡಿನಲ್ಲಿ ಫಿಶ್ ಸಾಸ್ ಜೊತೆಗೆ ಒಣಸಿಗಡಿಯೂ ಇರುತ್ತದೆ. ಕರಿ ಪೇಸ್ಟಿನಲ್ಲಿ ಸಿಗಡಿಯನ್ನು ಅರೆದೇ ಬಿಟ್ಟಿರುವುದರಿಂದ ‘ಸಿಗಡಿ ತೆಗೆದು ಕೊಡಿ’ ಎಂದರೆ ಪ್ರಯೋಜನವಿಲ್ಲ. ಜಪಾನಿನ ಮಿಸೊ ಸೂಪಿಗೆ ಮೀನಿನ ಸಾರು, ಕೊರಿಯಾದ ಕಿಮ್ಚಿಗೆ (ಹುಳಿ ಬರಿಸಿದ ಎಲೆಕೋಸು) ಉಪ್ಪು ಹಾಕಿದ ಸಿಗಡಿ ಅಥವಾ ಮೀನಿನ ಸಾಸ್. ಹಾಗಾಗಿ ಆರ್ಡರ್ ಕೊಡುವ ಮುಂಚೆ ಫಿಶ್ ಸಾಸ್, ಆಯ್ಸ್ಟರ್ ಸಾಸ್, ಮಾಂಸದ ಸಾರು, ಮೊಟ್ಟೆ ಒಂದೊಂದನ್ನೂ ಹೆಸರು ಹೇಳಿ ಕೇಳಿ. ಫೋನಿನಲ್ಲಿ ಅವರ ಭಾಷೆಗೆ ತಿರುಗಿಸಿ ತೋರಿಸಿದರೆ ಇನ್ನೂ ಒಳ್ಳೆಯದು.

ಅಪ್ಪ-ಅಮ್ಮ ಈರುಳ್ಳಿ, ಬೆಳ್ಳುಳ್ಳಿ ಕೂಡ ತಿನ್ನದವರಾದರೆ ಬೌದ್ಧ ಸಸ್ಯಾಹಾರಿ ಚೀನಿ ಹೋಟೆಲನ್ನೇ ಹುಡುಕಿ. ಕಟ್ಟುನಿಟ್ಟಿನ ಬೌದ್ಧ ಅಡುಗೆಯಲ್ಲಿ ಅವೆರಡೂ ನಿಷಿದ್ಧ. ಮೆನುವಿನಲ್ಲಿ ಚಿಕನ್, ಡಕ್ ಎಂಬ ಹೆಸರು ಕಂಡು ಗಾಬರಿಯಾಗಬೇಡಿ, ಅವೆಲ್ಲ ಸೋಯಾದಲ್ಲೋ ಗೋಧಿಯ ಅಂಟಿನಲ್ಲೋ ಮಾಡಿದವು.

ಜಾಗದ ಮಾತಿಗೆ ಬಂದರೆ, ನನ್ನ ಆಯ್ಕೆ ಮ್ಯಾನ್‌ಹ್ಯಾಟನ್ ಅಲ್ಲ, ನಗರದ ಇನ್ನೊಂದು ಭಾಗವಾದ ಕ್ವೀನ್ಸ್. 7ನೇ ನಂಬರಿನ ಸಬ್‌ವೇ ಹತ್ತಿ. 74ನೇ ಬೀದಿಯಲ್ಲಿ ಇಳಿದರೆ ಜಾಕ್ಸನ್ ಹೈಟ್ಸ್, ಅಲ್ಲಿ ನೇಪಾಳಿ, ಟಿಬೆಟನ್ ಮೊಮೊ. ತುಂಬಾ ಕಡೆ ಬೀಫ್ ಮೊಮೊನೇ ಮುಖ್ಯ, ತುಕ್ಪಾ ಎಂಬ ನೂಡಲ್ಸ್ ಸೂಪಿನ ಸಾರೂ ಬೀಫಿನದ್ದೇ ಆಗಿರಬಹುದು. ತರಕಾರಿ ಮೊಮೊ ಸಿಕ್ಕರೂ ಬೇಯಿಸುವ ಪಾತ್ರೆ ಬೇರೆಯೇ ಎಂದು ವಿಚಾರಿಸಿಕೊಳ್ಳಿ.

ಅದೇ ಸಬ್‌ವೇಯ ಕೊನೆಯ ನಿಲ್ದಾಣ ಫ್ಲಶಿಂಗ್ ಮೇನ್ ಸ್ಟ್ರೀಟ್. ಅಲ್ಲಿನ ಫುಡ್ ಕೋರ್ಟುಗಳಲ್ಲಿ ಚೀನಾದ ಶಿಆನ್ ಕಡೆಯ ಲಿಯಾಂಗ್‌ಪಿ ಕೇಳಿ ನೋಡಿ. ಗೋಧಿ ಹಿಟ್ಟನ್ನು ನೀರಿನಲ್ಲಿ ತೊಳೆದು, ಬಂದ ಹಾಲನ್ನು ತೆಳ್ಳಗೆ ಹಬೆಯಲ್ಲಿ ಬೇಯಿಸಿ ಕತ್ತರಿಸಿದ ತಣ್ಣನೆಯ ನೂಡಲ್ಸ್ ಅದು. ಉಳಿದ ಅಂಟನ್ನೂ ಬೇಯಿಸಿ, ಸ್ಪಂಜಿನಂತಹ ತುಂಡುಗಳಾಗಿ ಮೇಲೆ ಹಾಕುತ್ತಾರೆ. ಸೌತೆಕಾಯಿ, ವಿನೆಗರ್, ಮೆಣಸಿನೆಣ್ಣೆ ಜೊತೆಗಿರುತ್ತವೆ. ಎಣ್ಣೆ ಕಡಿಮೆ ಹಾಕಿಸಿ, ಹಿರಿಯರಿಗೆ ಖಾರ ನೆತ್ತಿಗೇರುತ್ತದೆ.

ಇದ್ಯಾವುದೂ ಒಗ್ಗದಿದ್ದರೆ, ಅಲ್ಲಿಂದ ಸುಮಾರು ಒಂದು ಮೈಲಿ ದೂರದ ಬೌನ್ ಸ್ಟ್ರೀಟ್‌ನಲ್ಲಿ ಗಣೇಶನ ದೇವಸ್ಥಾನವಿದೆ, ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಬಿಸಿ ದೋಸೆ ಸಿಗುತ್ತದೆ.

ಸ್ವಲ್ಪ ನಗದು ಇಟ್ಟುಕೊಳ್ಳಿ, ಚಿಕ್ಕ ಅಂಗಡಿಗಳಲ್ಲಿ ಕೆಲವು ಕಾರ್ಡ್ ತೆಗೆದುಕೊಳ್ಳುವುದಿಲ್ಲ. ಮೆನುವಿನ ಬೆಲೆಯ ಮೇಲೆ ಶೇ. 8.875 ತೆರಿಗೆ ಬೀಳುತ್ತದೆ. ಟೇಬಲ್ಲಿಗೆ ತಂದು ಬಡಿಸುವ ಕಡೆ ಆ ತೆರಿಗೆಯ ಎರಡರಷ್ಟು ಟಿಪ್ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಆರೇಳು ಜನ ಒಟ್ಟಿಗೆ ಹೋದಾಗ ಮಾತ್ರ ಬಿಲ್ ನೋಡಿ ಕೊಡಿ, ಟಿಪ್ ಅದರಲ್ಲೇ ಸೇರಿಸಿರುವುದುಂಟು.