ಎಣ್ಣೆಯಲ್ಲಿ ಮುಳುಗಿಸಿದ ಬ್ಯಾಟರಿ ಶಾರ್ಟ್ ಆಗುವುದಿಲ್ಲವೇ?

ಪ್ರಶ್ನೆ: ಮೇಡಂ, ನಾನು ಎಲೆಕ್ಟ್ರಿಕ್ ಆಟೊ ಓಡಿಸುತ್ತೇನೆ. ಬೇಸಿಗೆಯಲ್ಲಿ ಮಧ್ಯಾಹ್ನದ ಬಾಡಿಗೆ ಮುಗಿಸಿ ಚಾರ್ಜಿಗೆ ಹಾಕಿದರೆ ಗಾಡಿ ಚಾರ್ಜ್ ತಗೊಳ್ಳುವುದೇ ಇಲ್ಲ, ತಣ್ಣಗಾಗುವವರೆಗೆ ಕಾಯಬೇಕು. ಬ್ಯಾಟರಿಯನ್ನು ಎಣ್ಣೆಯಂಥ ದ್ರವದಲ್ಲಿ ಪೂರ್ತಿ ಮುಳುಗಿಸಿಡುವ ವಿಡಿಯೊ ನೋಡಿದೆ. ಅದು ಶಾರ್ಟ್ ಆಗುವುದಿಲ್ಲವೇ? ನನ್ನ ಪ್ಯಾಕ್ ಬಿಚ್ಚಿಸಿ ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿಸಬಹುದೇ?
– ಓದುಗರು, ಬಳ್ಳಾರಿ

ಉತ್ತರ: ದಯವಿಟ್ಟು ತುಂಬಿಸಬೇಡಿ. ಆದರೆ ನಿಮ್ಮ ಯೋಚನೆಯ ದಾರಿ ಸರಿಯಾಗಿಯೇ ಇದೆ.

ಆ ದ್ರವದಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಾಗಾಗಿ ಶಾರ್ಟ್ ಆಗುವುದಿಲ್ಲ. ನಿಮ್ಮ ಬೀದಿಯ ಟಿ.ಸಿ.ಯೊಳಗೆ 11,000 ವೋಲ್ಟಿನ ಸುರುಳಿ ಎಣ್ಣೆಯಲ್ಲೇ ಮುಳುಗಿರುತ್ತದೆ. ಬ್ಯಾಟರಿಗೆ ಸಿಂಥೆಟಿಕ್ ಎಸ್ಟರ್, ಸಿಲಿಕೋನ್ ಎಣ್ಣೆಯಂಥವನ್ನು ಬಳಸುತ್ತಾರೆ.

ಪ್ಯಾಕ್ ಎಂದರೆ ಸೆಲ್ ಎಂಬ ಸಣ್ಣ ಬಿಡಿ ಬ್ಯಾಟರಿಗಳ ಜೋಡಣೆ. ಚಾರ್ಜಿಂಗ್ ಕರೆಂಟ್ ಎರಡು ಪಟ್ಟಾದರೆ ಸೆಲ್ಲಿನ ಒಳರೋಧದಿಂದ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಅನೇಕ ಕಾರುಗಳಲ್ಲಿ ಸೆಲ್‌ಗಳ ಕೆಳಗೆ ಅಲ್ಯೂಮಿನಿಯಂ ತಟ್ಟೆಯಿಟ್ಟು ಅದರೊಳಗೆ ಗ್ಲೈಕಾಲ್ ಬೆರೆಸಿದ ನೀರು ಹರಿಸುತ್ತಾರೆ. ಶಾಖವನ್ನು ಸಾಗಿಸುವುದರಲ್ಲಿ ಎಣ್ಣೆಗಿಂತ ನೀರೇ ಸುಮಾರು ಎರಡು ಪಟ್ಟು ಮೇಲು. ಆದರೆ ಅದರಲ್ಲಿ ವಿದ್ಯುತ್ ಹರಿಯುವುದರಿಂದ ಅದು ಸೆಲ್ಲನ್ನು ಮುಟ್ಟುವಂತಿಲ್ಲ. ಶಾಖ ಅಂಟು, ಪ್ಯಾಡು, ಲೋಹ ಎಲ್ಲವನ್ನೂ ದಾಟಿ ನೀರಿಗೆ ಸೇರಬೇಕು. ಎಣ್ಣೆಯಾದರೆ ಸೆಲ್ಲಿನ ಮೈಯನ್ನೇ ಸುತ್ತುವರಿಯುತ್ತದೆ.

ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಲಾಭ ಎಲ್ಲ ಸೆಲ್‌ಗಳೂ ಒಂದೇ ಬಿಸಿಯಲ್ಲಿರುವುದು. ಪ್ಯಾಕ್ ಪರೀಕ್ಷಿಸುವಾಗ ನಾವು ಸೆಲ್‌ಗಳಿಗೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಅಂಟಿಸುತ್ತೇವೆ. ಗಾಳಿಯಿಂದ ತಣ್ಣಗಾಗುವ ಪ್ಯಾಕಿನಲ್ಲಿ ಅಂಚಿನ ಸೆಲ್ ಆರಾಮಾಗಿದ್ದರೆ ನಡುವಿನದು ಕುದಿಯುತ್ತಿರುತ್ತದೆ. ಬಿ.ಎಂ.ಎಸ್. (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ನೋಡುವುದು ಅತಿ ಬಿಸಿಯಾದ ಸೆನ್ಸರನ್ನು. ನಿಮ್ಮ ಗಾಡಿ ಚಾರ್ಜ್ ಬೇಡವೆನ್ನುವಾಗ ಪ್ಯಾಕ್ ಇಡೀ ಕಾದಿರಬೇಕೆಂದಿಲ್ಲ, ನಡುವಿನ ನಾಲ್ಕಾರು ಸೆಲ್ ಕಾದಿದ್ದರೂ ಸಾಕು. ಬೇಗ ಮುಪ್ಪಾಗುವುದೂ ಅವೇ, ಅವುಗಳ ಜತೆ ಇಡೀ ಪ್ಯಾಕಿನ ಆಯಸ್ಸೂ ಇಳಿಯುತ್ತದೆ. ಸೆಲ್‌ಗಳ ನಡುವಿನ ವ್ಯತ್ಯಾಸ 5 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂದು ವಿನ್ಯಾಸಕಾರರು ಒದ್ದಾಡುವುದು ಇದಕ್ಕೇ.

2021ರಲ್ಲಿ ಮರ್ಸಿಡಿಸ್-ಎಎಂಜಿ ತನ್ನ ಹೈಬ್ರಿಡ್ ಕಾರಿನಲ್ಲಿ 560 ಸೆಲ್‌ಗಳ ಸುತ್ತ ಸುಮಾರು 14 ಲೀಟರ್ ಇಂಥ ದ್ರವ ಹರಿಸಿ ಬ್ಯಾಟರಿಯನ್ನು ಸರಾಸರಿ 45 ಡಿಗ್ರಿಯಲ್ಲಿ ನಿಲ್ಲಿಸಿತು. ಬ್ಯಾಟರಿಯ ಸಾಮರ್ಥ್ಯ ಕೇವಲ 6.1 ಕಿಲೊವ್ಯಾಟ್ ಅವರ್. ಆಟೊ ಬ್ಯಾಟರಿಗಿಂತ ಬಹಳ ದೊಡ್ಡದೇನಲ್ಲ. ಕುದಿದು ಆವಿಯಾಗಿ ಶಾಖ ಹೀರುವ ಫ್ಲೋರಿನ್ ದ್ರವಗಳೂ ಇವೆ. ಆದರೆ ಅವುಗಳ ದೊಡ್ಡ ತಯಾರಕನಾಗಿದ್ದ 3ಎಂ ಕಂಪನಿ, ಪರಿಸರದಲ್ಲಿ ನಶಿಸದೆ ಉಳಿಯುವ ಈ ಬಗೆಯ ರಾಸಾಯನಿಕಗಳನ್ನು 2025ರ ಕೊನೆಗೆ ನಿಲ್ಲಿಸುವುದಾಗಿ 2022ರಲ್ಲೇ ಘೋಷಿಸಿತು.

ಈಗ ನಿಮ್ಮ ಪ್ಯಾಕಿನ ಮಾತು. ಪಂಪು, ರೇಡಿಯೇಟರ್ ಇಲ್ಲದೆ ನಿಂತ ಎಣ್ಣೆ ಶಾಖವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ, ಹೊರಗೆ ಸಾಗಿಸುವುದಿಲ್ಲ. ಎಣ್ಣೆಗೆ ತಾಳದ ಸೀಲು, ವೈರಿನ ಹೊದಿಕೆ ಉಬ್ಬಬಹುದು, ಅಂಟು ಬಿಡಬಹುದು. ನನಗೆ ಹೆಚ್ಚು ಭಯವಿರುವುದು ಬೆಂಕಿಯದು. ಕೆಟ್ಟು ಹೊತ್ತಿಕೊಂಡ ಸೆಲ್ಲಿನ ಬಿಸಿ ನೂರಾರು ಡಿಗ್ರಿಗೆ ಏರುತ್ತದೆ. ಟ್ರಾನ್ಸ್‌ಫಾರ್ಮರಿನ ಖನಿಜ ತೈಲದ ಆವಿಗೆ ಕಿಡಿ ತಾಗಿ ಬೆಂಕಿ ಹಿಡಿಯಲು ಅಷ್ಟು ಬಿಸಿ ಬೇಕಿಲ್ಲ. ಸೆಲ್ಲಿನಿಂದ ಹೊರನುಗ್ಗುವ ಅನಿಲಕ್ಕೆ ದಾರಿಯೂ ಬೇಕು. ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ನಿಯಮದಡಿ ಪರೀಕ್ಷೆಯಾದದ್ದು ನಿಮ್ಮ ಪ್ಯಾಕಿನ ಮೂಲ ರೂಪ, ಎಣ್ಣೆ ತುಂಬಿದ ರೂಪವಲ್ಲ.

ಚಾರ್ಜ್ ಮಾಡುವಾಗ ಮಾತ್ರ ತಣ್ಣೀರು ಹರಿಸುವ ವಿಧಾನವೂ ಇದೆ. ಬೆಂಗಳೂರಿನ ಎಕ್ಸ್‌ಪೊನೆಂಟ್ ಎನರ್ಜಿ ಮೂರು ಚಕ್ರದ ಗಾಡಿಗಳಿಗೆ ಹೀಗೇ ಮಾಡಿ, 15 ನಿಮಿಷದಲ್ಲಿ ಚಾರ್ಜ್ ಮಾಡುತ್ತದೆ. ತಣ್ಣಗಾಗಿಸುವ ಯಂತ್ರ ಚಾರ್ಜಿಂಗ್ ಕೇಂದ್ರದಲ್ಲಿರುವುದರಿಂದ ಗಾಡಿ ಆ ಭಾರ ಹೊರಬೇಕಿಲ್ಲ. ಆದರೆ ಅದಕ್ಕೆಂದೇ ಮಾಡಿದ ಪ್ಯಾಕ್ ಬೇಕು.

ಸದ್ಯಕ್ಕೆ ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ನಿಧಾನದ ಚಾರ್ಜಿಗೆ ಹಾಕಿ. ಸರ್ವಿಸ್ ಸೆಂಟರಿನಲ್ಲಿ ಬಿ.ಎಂ.ಎಸ್. ದಾಖಲೆ ತೆಗೆಸಿ, ಪ್ರತಿ ಸೆನ್ಸರಿನ ಉಷ್ಣತೆಯನ್ನೂ ಕೇಳಿ ಬರೆದುಕೊಳ್ಳಿ. ಒಂದೇ ಸೆನ್ಸರ್ ಸದಾ ಹೆಚ್ಚು ತೋರಿಸುತ್ತಿದ್ದರೆ ಆ ಭಾಗದ ಸೆಲ್ ಅಥವಾ ಜೋಡಣೆ ಕೆಟ್ಟಿರಬಹುದು. ವಾರಂಟಿ ಮುಗಿಯುವ ಮೊದಲೇ ಬರವಣಿಗೆಯಲ್ಲಿ ದೂರು ಕೊಡಿ.