ರಿಂಗ್ ಬಾಯಿ ಬಿಟ್ಟರೆ ಮಣಿ ನಿಲ್ಲುವುದೆಲ್ಲಿ?

ಜುಮುಕಿ ಕಟ್ಟುವಾಗ ಜಂಪ್ ರಿಂಗ್ (ಮಣಿಯನ್ನು ಓಲೆಗೆ ಜೋಡಿಸುವ, ಒಂದು ಕಡೆ ಸಂದಿರುವ ಸಣ್ಣ ತಂತಿಯ ಉಂಗುರ) ಸರಿಯಾಗಿ ಮುಚ್ಚುವುದಿಲ್ಲ, ಎರಡೇ ದಿನಕ್ಕೆ ಮಣಿ ಉದುರುತ್ತದೆ, ತಂತಿ ಕತ್ತರಿಸಿದರೆ ತುಂಡು ಮುಖಕ್ಕೆ ಹಾರುತ್ತದೆ ಅಂತ ಕೇಳಿದ್ದೀರಿ. ನಾನೂ ಹಾಸನದಲ್ಲಿ ಮನೆಯಲ್ಲೇ ಓಲೆ ಮಾಡುತ್ತೇನೆ. ಶುರುವಿನಲ್ಲಿ ನನ್ನದೂ ಇದೇ ಗೋಳು.

ನೀವು ರಿಂಗನ್ನು ಎರಡೂ ಕಡೆಗೆ ಎಳೆದು ಬಿಡಿಸುತ್ತಿದ್ದೀರಿ ಅನ್ನಿಸುತ್ತದೆ. ಹಾಗೆ ಮಾಡಿದರೆ ಗುಂಡಗಿನ ಆಕಾರವೇ ಹೋಗುತ್ತದೆ. ಎರಡು ಇಕ್ಕಳ ಬೇಕು. ಸಂದು ಮೇಲಕ್ಕೆ ಬರುವಂತೆ ಎರಡೂ ಬದಿ ಹಿಡಿದು, ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸಿ. ಮುಚ್ಚುವಾಗ ಅದೇ ದಾರಿಯಲ್ಲಿ ವಾಪಸ್. ಆದರೆ ಒಂಚೂರು ಜಾಸ್ತಿಯೇ ದಾಟಿಸಿ ಹಿಂದಕ್ಕೆ ತನ್ನಿ, ತಂತಿ ಸ್ಪ್ರಿಂಗಿನ ಹಾಗೆ ಹಿಂದೆ ಸರಿಯುತ್ತದೆ ಅಲ್ವಾ. ತುದಿಗಳು ಒಂದಕ್ಕೊಂದು ಉಜ್ಜಿ 'ಟಿಕ್' ಅಂದರೆ ಕೂತಿತು ಅಂತ. ಸಂದಿನ ಮೇಲೆ ಉಗುರು ಆಡಿಸಿ ನೋಡಿ, ಸಿಕ್ಕಿಕೊಳ್ಳಬಾರದು.

ಕರೆಂಟ್ ಕೆಲಸದ ಇಕ್ಕಳ ಬೇಡ. ಅದರ ಹಲ್ಲು ತಂತಿಗೆ ಗೀರು ಹಾಕುತ್ತದೆ. ಬಾಯಿ ಒಳಗೆ ನುಣುಪಾಗಿರುವುದನ್ನು ತೆಗೆದುಕೊಳ್ಳಿ.

ಕತ್ತರಿಸುವಾಗ ಉದುರುವ ತುದಿಯನ್ನು ಬೆರಳಲ್ಲಿ ಹಿಡಿದಿರಿ, ಕಟರ್ ಬಾಯಿ ನೆಲದ ಕಡೆ ಇರಲಿ. ಕನ್ನಡಕ ಹಾಕಿ. ನನಗಂತೂ ಒಮ್ಮೆ ಚೂರು ಕಣ್ಣಿನ ರೆಪ್ಪೆಗೆ ಬಡಿದ ಮೇಲೆಯೇ ಬುದ್ಧಿ ಬಂದದ್ದು. ಮೆಮೊರಿ ವೈರ್ ಅಂದರೆ ಎಳೆದರೂ ಸುರುಳಿ ಆಕಾರಕ್ಕೇ ವಾಪಸ್ ಬರುವ ತಂತಿ, ಗಟ್ಟಿ ಉಕ್ಕು. ತಾಮ್ರದ ತಂತಿಯ ಕಟರ್ ಅದಕ್ಕೆ ಹಾಕಿದರೆ ಬಾಯಿ ಮುಕ್ಕಾಗುತ್ತದೆ.

ನಿಮ್ಮ ಚಿಕ್ಕಮಗಳೂರಿನ ಮಳೆಗೆ ಇಕ್ಕಳ ಸುಮ್ನೆ ಇಟ್ಟರೂ ತುಕ್ಕು ಹಿಡಿಯುತ್ತದೆ. ಒರೆಸಿ, ಕೀಲಿಗೆ ಒಂದು ಹನಿ ಹೊಲಿಗೆ ಮಿಷನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ.